ಇಲಿ ಬಿದ್ದ ವರ್ಷ, ರೇಡಿಯಂ ಸಿಕ್ಕ ವರ್ಷ

ಪೆನ್ಸಿಲ್ವೇನಿಯಾದಲ್ಲಿರೋ ನಮ್ಮಕ್ಕ, ಅಂದ್ರೆ ದೊಡ್ಡಮ್ಮನ ಮಗಳು, ಎರಡು ವರ್ಷದ ಹಿಂದೆ ಮನೆ ಕೊಂಡಳು. ಕೊಳ್ಳುವ ಮೊದಲು ಒಬ್ಬ ಇನ್‌ಸ್ಪೆಕ್ಟರ್ ಬಂದು ಸೂರು, ಪ್ಲಂಬಿಂಗು, ವೈರಿಂಗು ಎಲ್ಲಾ ನೋಡಿ, ಕೊನೆಗೆ ನೆಲಮಾಳಿಗೆಯಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟು ಹೋದನಂತೆ. ಎರಡು ದಿನ ಬಿಟ್ಟು ಬಂದು ಎತ್ತಿಕೊಂಡು ಹೋದ. ರಿಪೋರ್ಟಿನಲ್ಲಿ ರೇಡಾನ್ ಜಾಸ್ತಿ ಇದೆ ಅಂತ ಬಂತು. ಮಾರುವವರೇ ಖರ್ಚು ಹಾಕಿ ಒಂದು ಪೈಪು, ಒಂದು ಫ್ಯಾನು ಕೂರಿಸಿಕೊಟ್ಟರು. ಆಮೇಲೆ ಅಕ್ಕ ಬಸವನಗುಡಿಗೆ ಫೋನ್ ಮಾಡಿ, "ಅಮ್ಮಾ, ನಮ್ಮನೇಲೂ ಒಂದ್ಸಲ ಟೆಸ್ಟ್ ಮಾಡಿಸ್ಬಿಡೋಣ. ನೀನಿರೋದು ಗ್ರೌಂಡ್ ಫ್ಲೋರು, ಕೆಳಗೆ ಪೂರ್ತಿ ಬಂಡೆ" ಅಂದಳು. ದೊಡ್ಡಮ್ಮ, "ನಮ್ಮನೇಲಿರೋ ಗ್ಯಾಸು ಅಂದ್ರೆ ಸಿಲಿಂಡರ್ ಒಂದೇ ಕಣೆ" ಅಂತ ಹೇಳಿ ಫೋನು ನನ್ನ ಕೈಗೆ ಕೊಟ್ಟರು.

ನಗು ಬಂತು. ಆದರೆ ಅಕ್ಕ ಕೇಳಿದ್ದು ತಮಾಷೆಯ ಪ್ರಶ್ನೆ ಅಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳೊಳಗಿನ ಗಾಳಿಯ ಬಗ್ಗೆ ಸರ್ಕಾರವೂ ಜನವೂ ಹಿಂದೊಮ್ಮೆ ತುಂಬಾ ತಲೆ ಕೆಡಿಸಿಕೊಂಡಿದ್ದರು. ಅದು ರೇಡಾನ್‌ಗಾಗಿ ಅಲ್ಲ, ಪ್ಲೇಗಿಗಾಗಿ. ಆಗಿನ ಹೆದರಿಕೆಗೂ ಈಗಿನ ಪ್ರಶ್ನೆಗೂ ಒಂದು ವಿಚಿತ್ರ ಸಂಬಂಧ ಇದೆ. ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

*

ಮೊದಲು ಈ ರೇಡಾನ್ ಏನು ಅಂತ ನೋಡಿಬಿಡೋಣ.

ಬ್ಯೂಗಲ್ ರಾಕ್ ಮೇಲೆ ಸಂಜೆ ಕೂತಿದ್ದೀರಲ್ಲ, ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಸೆಲ್ಫಿ ತೆಗೆದುಕೊಂಡಿದ್ದೀರಲ್ಲ, ಅದೆಲ್ಲ ಒಂದೇ ಬಂಡೆ. ಪೆನಿನ್ಸುಲಾರ್ ನೈಸ್ ಅಂತ ಅದರ ಹೆಸರು. ಆ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಗರದ ಪಶ್ಚಿಮಕ್ಕೆ, ರಾಮನಗರದ ಕಡೆ ಹೋದರೆ ಇದಕ್ಕಿಂತ ಚಿಕ್ಕ ವಯಸ್ಸಿನ ಕ್ಲೋಸ್‌ಪೇಟೆ ಗ್ರಾನೈಟ್ ಸಿಗುತ್ತದೆ. ಶೋಲೆಯ ಗಬ್ಬರ್ ಸಿಂಗ್ ಕೂತಿದ್ದು ಅದರ ಮೇಲೇ. ಅದಕ್ಕೆ ಸುಮಾರು 250 ಕೋಟಿ ವರ್ಷ.

ಇಂಥ ಬಂಡೆಗಳಲ್ಲೆಲ್ಲ ಒಂದಿಷ್ಟು ಯುರೇನಿಯಂ ಇರುತ್ತದೆ. ತೀರಾ ಸ್ವಲ್ಪ, ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಅದು ತಾನಾಗಿ ಕ್ಷಯಿಸುತ್ತಾ ಹಂತ ಹಂತವಾಗಿ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿದರೆ ರೇಡಾನ್. ಈ ಸರಪಳಿಯಲ್ಲಿ ಉಳಿದವೆಲ್ಲ ಘನ ವಸ್ತುಗಳು, ಬಂಡೆಯೊಳಗೇ ಬಿದ್ದಿರುತ್ತವೆ. ರೇಡಾನ್ ಒಂದೇ ಅನಿಲ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬಂಡೆಯ ಬಿರುಕಿನಿಂದ ಮಣ್ಣಿಗೆ, ಮಣ್ಣಿನಿಂದ ಮೇಲಕ್ಕೆ ಬರುತ್ತದೆ. ಬಯಲಿಗೆ ಬಂದರೆ ಗಾಳಿಯಲ್ಲಿ ಕರಗಿ ಹೋಗುತ್ತದೆ. ನೆಲದ ಬಿರುಕಿನಲ್ಲೋ, ಪೈಪು ಒಳಗೆ ಬರುವ ಸಂದಿಯಲ್ಲೋ ನುಗ್ಗಿ ಮುಚ್ಚಿದ ಕೋಣೆಗೆ ಬಂದರೆ ಅಲ್ಲೇ ಸೇರಿಕೊಳ್ಳುತ್ತದೆ.

ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಅಂದರೆ ಈ ಸೋಮವಾರ ಇದ್ದದ್ದು ಶುಕ್ರವಾರದ ಹೊತ್ತಿಗೆ ಅರ್ಧ. ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಅನ್ನಬೇಡಿ. ಕ್ಷಯಿಸಿದಾಗ ಅದು ಪೊಲೋನಿಯಂ ಆಗುತ್ತದೆ. ಅದು ಮತ್ತೆ ಘನ ವಸ್ತು. ಕಣ್ಣಿಗೆ ಕಾಣದ ಧೂಳಿಗೆ ಅಂಟಿಕೊಂಡು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದ ಗೋಡೆ ಹಿಡಿದು ಕೂತುಬಿಡುತ್ತದೆ. ಅಲ್ಲಿ ಅದು ಬಿಡುವ ಆಲ್ಫಾ ಕಣಗಳು ಜೀವಕೋಶಕ್ಕೆ ಏಟು ಕೊಡುತ್ತವೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಮೊದಲ ಕಾರಣವಾದರೆ, ಅನೇಕ ದೇಶಗಳಲ್ಲಿ ರೇಡಾನ್ ಎರಡನೆಯದು.

*

ಈಗ 1898ಕ್ಕೆ ಹೋಗೋಣ.

ಆ ವರ್ಷದ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಮೇರಿ ಮತ್ತು ಪಿಯೇರ್ ಕ್ಯೂರಿ ಒಂದು ಹೊಸ ಧಾತು ಸಿಕ್ಕಿದೆ ಅಂದರು. ಮೇರಿಯ ತಾಯ್ನಾಡು ಪೋಲೆಂಡಿನ ಹೆಸರಿನಲ್ಲಿ ಅದಕ್ಕೆ ಪೊಲೋನಿಯಂ ಅಂತ ಹೆಸರಿಟ್ಟರು. ಡಿಸೆಂಬರ್‌ನಲ್ಲಿ ಇನ್ನೊಂದು ಸಿಕ್ಕಿತು, ರೇಡಿಯಂ. ಅಂದರೆ ರೇಡಾನ್‌ನ ತಾಯಿ ಮತ್ತು ಮಗು ಇಬ್ಬರೂ ಒಂದೇ ವರ್ಷ ಬೆಳಕಿಗೆ ಬಂದರು. ಮಧ್ಯದ ರೇಡಾನ್ ಆಮೇಲೆ, 1900ರಲ್ಲಿ, ಜರ್ಮನಿಯ ಫ್ರೀಡ್ರಿಚ್ ಡೋರ್ನ್‌ಗೆ ಸಿಕ್ಕಿತು.

ಆ ಜುಲೈಗೂ ಡಿಸೆಂಬರ್‌ಗೂ ನಡುವೆ, ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಮುಂಬೈಗೆ ಅದು 1896ರಲ್ಲೇ ಬಂದಿತ್ತು. ಪುಣೆ, ಧಾರವಾಡ, ಹುಬ್ಬಳ್ಳಿ ದಾಟಿ ರೈಲಿನಲ್ಲಿ ಇಲ್ಲಿಗೆ ಬಂತು. ಆಗಿನ ಬೆಂಗಳೂರು ಅಂದರೆ ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಅಂಗಡಿ ಮುಂದೆ, ಮನೆ ಹಿಂದೆ, ಮಧ್ಯದಲ್ಲಿ ಕಾಳಿನ ಮೂಟೆ. ಇಲಿಗಳಿಗೆ ಇದಕ್ಕಿಂತ ಬೇಕೇ?

"ಇಲಿ ಬಿತ್ತು" ಅನ್ನೋ ಮಾತು ನಮ್ಮ ಹಳಬರ ಬಾಯಲ್ಲಿ ಬಹಳ ಕಾಲ ಉಳಿದಿತ್ತು. ಇಲಿ ಬಿತ್ತು ಅಂದರೆ ಮನೆ ಬಿಡಬೇಕು. ಊರಾಚೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಪ್ಲೇಗು ಆಮೇಲೂ ಮತ್ತೆ ಮತ್ತೆ ಬಂದದ್ದರಿಂದ ಆ ಮಾತು ಎರಡು ಮೂರು ತಲೆಮಾರು ದಾಟಿತು. ನಗರದಲ್ಲಿ ಅಲ್ಲಲ್ಲಿರುವ ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಹೆದರಿಕೆಯ ಗುರುತು.

ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆದವರು ಮುಂದೆ ತಾವೂ ದಿವಾನರಾದ ವಿ. ಪಿ. ಮಾಧವರಾವ್. ಅಧಿಕಾರಿಗಳು ಮನೆ ಮನೆ ಹೊಕ್ಕು ತಪಾಸಣೆ ಮಾಡಿದರು. ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ, ಮನೆಯವರನ್ನು ಕ್ಯಾಂಪಿಗೆ ಸಾಗಿಸಿದರು. ಗೋಡೆಗೆ ಸುಣ್ಣ, ನೆಲಕ್ಕೆ ಔಷಧಿ. ಬಟ್ಟೆಬರೆ ಸುಟ್ಟರು. ಒಳಗೆ ಗಾಳಿ ಬೆಳಕು ಬೀಳಲಿ ಅಂತ ಸೂರಿನ ಹೆಂಚು ತೆಗೆಸಿದರು. ಬ್ರಿಟಿಷ್ ಭಾರತದಲ್ಲಿ ಇದಕ್ಕೆಲ್ಲ ಬಲ ಕೊಟ್ಟದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರಗಳು ಧೂಳು ಕೊಡವಿ ಮತ್ತೆ ಕೈಗೆತ್ತಿಕೊಂಡದ್ದು ಇದೇ ಕಾಯ್ದೆಯನ್ನು.

ಜನ ಏನು ಮಾಡಿದರು? ಮುಚ್ಚಿಟ್ಟರು. ಸತ್ತ ಇಲಿಯನ್ನು ರಾತ್ರೋರಾತ್ರಿ ಬೇರೆ ಕಡೆ ಎಸೆದರು. ಜ್ವರ ಬಂದವರನ್ನು ಅಟ್ಟದ ಮೇಲೋ ನೆಂಟರ ಮನೆಯಲ್ಲೋ ಅಡಗಿಸಿಟ್ಟರು. ಅವರನ್ನು ಮೂಢರು ಅಂತ ಬೈಯೋದು ಸುಲಭ. ಆದರೆ ಅವರ ಲೆಕ್ಕ ಸರಳವಾಗಿತ್ತು. ರೋಗ ಇದೆ ಅಂತ ಗೊತ್ತಾದರೆ ಸೂರು ಹೋಗುತ್ತದೆ, ಸಾಮಾನು ಹೋಗುತ್ತದೆ, ಮನೆಯ ಹೆಂಗಸರನ್ನು ಅಪರಿಚಿತರು ಬಂದು ಮುಟ್ಟಿ ನೋಡುತ್ತಾರೆ. ಪ್ರತಿಯಾಗಿ ಸಿಗುವುದೇನು? ಗುಣಪಡಿಸುವ ಔಷಧಿಯಂತೂ ಯಾರ ಹತ್ತಿರವೂ ಇರಲಿಲ್ಲ. ಪುಣೆಯಲ್ಲಿ ಇದೇ ಸಿಟ್ಟಿಗೆ 1897ರಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದರು. ನಮ್ಮಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿ ಗಲಭೆಯೇ ಆಯಿತು.

ಇನ್ನೊಂದು ವಿಷಯ ಇದೆ. ಅಧಿಕಾರಿಗಳು ಹುಡುಕುತ್ತಿದ್ದದ್ದು ಕೆಟ್ಟ ಗಾಳಿಯನ್ನು, ಕೊಳಕನ್ನು. ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರು. ಆದರೆ ಅದು ಹರಡೋದು ಹೇಗೆ ಅಂತ ಒಪ್ಪಿತ ಉತ್ತರ ಇರಲಿಲ್ಲ. 1898ರ ಜೂನ್‌ನಲ್ಲಿ, ಬೆಂಗಳೂರಿಗೆ ಪ್ಲೇಗು ಬರೋಕೆ ಎರಡು ತಿಂಗಳು ಮೊದಲು, ಪೌಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಇಲಿಯ ಮೈಮೇಲಿನ ಚಿಗಟದಿಂದಲೇ ರೋಗ ದಾಟುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದ. ಯಾರೂ ನಂಬಲಿಲ್ಲ. ಮುಂಬೈನಲ್ಲಿ ಕೂತ ವಿಜ್ಞಾನಿಗಳ ತಂಡ 1905ರ ನಂತರ ಅದನ್ನು ಖಚಿತಪಡಿಸುವ ಹೊತ್ತಿಗೆ ಲಕ್ಷಾಂತರ ಜನ ಸತ್ತಿದ್ದರು. ಮನೆ ಸುಡುವಾಗ, ಸೂರು ತೆಗೆಯುವಾಗ ಇಲಿಗಳು ಆರಾಮಾಗಿ ಪಕ್ಕದ ಮನೆಗೆ ಹೋಗುತ್ತಿದ್ದವು, ಚಿಗಟಗಳ ಸಮೇತ.

*

ಈ ತಪ್ಪು ತಿಳುವಳಿಕೆಯಿಂದಲೇ ನಮ್ಮ ಏರಿಯಾಗಳ ಮನೆಗಳು ಹಾಗಿರೋದು ಅನ್ನೋದು ಸ್ವಾರಸ್ಯ.

ಚಾಮರಾಜಪೇಟೆ 1892ರ ಹೊತ್ತಿಗೇ ಆಗಿತ್ತು. ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರಿನದು, ಕೋಟೆಯ ಆಚೆಗೆ ಗೆರೆ ಎಳೆದು ಮಾಡಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರದ ಯೋಜನೆಯೂ ಪ್ಲೇಗಿಗೆ ಮೊದಲೇ ಶುರುವಾಗಿತ್ತು. ಆದರೆ ಪೇಟೆಯಿಂದ ಜನ ಹೊರಟು ಅಲ್ಲಿ ಮನೆ ಕಟ್ಟೋಕೆ ನಿಜವಾದ ತಳ್ಳು ಕೊಟ್ಟದ್ದು ಪ್ಲೇಗು. ಅಗಲವಾದ ರಸ್ತೆ, ಚೌಕಾಕಾರದ ಬ್ಲಾಕು, ಮಧ್ಯೆ ಪಾರ್ಕು, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಎಲ್ಲದರ ಹಿಂದಿನ ಯೋಚನೆ ಒಂದೇ, ಗಾಳಿ ಆಡಬೇಕು.

ಮನೆಯೊಳಗೂ ಅದೇ. ಎತ್ತರದ ಮದ್ರಾಸ್ ತಾರಸಿ, ಗೋಡೆಯ ತುದಿಯಲ್ಲಿ ಹಗ್ಗ ಎಳೆದು ತೆಗೆಯುವ ವೆಂಟಿಲೇಟರು, ಅಡುಗೆಮನೆಗೆ ಬೆಳಕಿಂಡಿ, ಎದುರುಬದುರು ಬಾಗಿಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ನುಗ್ಗೆಮರ ಕಾಣುತ್ತಿತ್ತು. ದೊಡ್ಡಮ್ಮನ ಮನೆಯೂ ಇಂಥದ್ದೇ. ಬೇಸಿಗೆಯಲ್ಲಿ ಫ್ಯಾನು ಬೇಕಾಗೋದಿಲ್ಲ, ಚಳಿಗಾಲದಲ್ಲಿ ಸ್ವೆಟರ್ ಇಲ್ಲದೆ ಆಗೋದಿಲ್ಲ.

ಪ್ಲೇಗಿನ ಮಟ್ಟಿಗೆ ಈ ಗಾಳಿಯ ಸಿದ್ಧಾಂತ ತಪ್ಪು. ಇಲಿ ಕಡಿಮೆಯಾದದ್ದರಿಂದ ಲಾಭ ಆಗಿರಬಹುದು, ಗಾಳಿಯಿಂದಲ್ಲ. ಆದರೆ ಆಗ ಯಾರಿಗೂ ಹೆಸರೇ ಗೊತ್ತಿಲ್ಲದ ಇನ್ನೊಂದು ಅಪಾಯಕ್ಕೆ ಅದೇ ಮನೆ ಸರಿಯಾದ ಉತ್ತರ ಆಗಿತ್ತು. ಬಂಡೆಯ ಮೇಲೆ ಕೂತ ಊರಿನಲ್ಲಿ ರೇಡಾನ್ ತಡೆಯೋಕೆ ಮೊದಲ ಉಪಾಯ ಅಂದರೆ ಕೋಣೆಯ ಗಾಳಿ ಬದಲಾಗುತ್ತಲೇ ಇರಬೇಕು, ಅಷ್ಟೇ.

ನೀರಿನ ಕಥೆಯೂ ಹೀಗೇ. ಹೆಸರಘಟ್ಟದಿಂದ ಕೊಳಾಯಿಯಲ್ಲಿ ನೀರು ತರುವ ಚಾಮರಾಜೇಂದ್ರ ವಾಟರ್ ವರ್ಕ್ಸ್ ಕೂಡಾ 1890ರ ದಶಕದ್ದೇ. ಕೆರೆ, ಬಾವಿಗಳ ನೀರು ಸಾಲದಾಗಿತ್ತು, ಕಾಲರಾದ ಭಯವೂ ಇತ್ತು. ರೇಡಾನ್ ಬಂಡೆಯ ಸಂದಿಯಲ್ಲಿರುವ ನೀರಿನಲ್ಲಿ ಕರಗುತ್ತದೆ. ಅದೇ ನೀರು ಬಿಸಿಲು ಗಾಳಿಗೆ ಹರಡಿಕೊಂಡಿದ್ದರೆ ಹಾರಿಹೋಗುತ್ತದೆ. ಹಾಗಾಗಿ ಕೆರೆಯ ನೀರು, ನದಿಯ ನೀರು ಈ ವಿಷಯದಲ್ಲಿ ನಿರುಪದ್ರವಿ. ಬಾವಿ ನೀರಿನಲ್ಲಿ ವಿಕಿರಣದ ಅನಿಲ ಇದೆ ಅಂತ ಜೆ. ಜೆ. ಥಾಮ್ಸನ್ 1903ರಲ್ಲೇ ಕೇಂಬ್ರಿಜ್‌ನಲ್ಲಿ ಕಂಡುಕೊಂಡಿದ್ದರು. ಹೆಸರಘಟ್ಟದ ನೀರು ತಂದವರಿಗೆ ಅದು ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ.

ಇದನ್ನು ಹೇಳುವಾಗ ಹಳೇದೆಲ್ಲ ಚಿನ್ನ ಅನ್ನೋ ರಾಗ ಎಳೆಯೋದು ಬೇಡ. ಹೊಸ ಬಡಾವಣೆಯಲ್ಲಿ ಸೈಟು ಸಿಕ್ಕಿದ್ದು ದುಡ್ಡು, ಸರ್ಕಾರಿ ನೌಕರಿ ಇದ್ದವರಿಗೆ. ಯಾವ ಬ್ಲಾಕು ಯಾವ ಜಾತಿಗೆ ಅನ್ನೋ ವಿಂಗಡಣೆಯೂ ನಡೆಯಿತು. ಮೂಟೆ ಹೊರುವವರು, ನೇಯುವವರು ಪೇಟೆಯಲ್ಲೇ ಉಳಿದರು. ಬಡಾವಣೆಗಳೊಳಗೇ ಆಮೇಲೆ ವಠಾರಗಳು ಎದ್ದವು. ಸಾಲಾಗಿ ಒಂದೂವರೆ ಕೋಣೆಯ ಮನೆಗಳು, ಒಂದೇ ಕಿಟಕಿ, ಅದೂ ಪಕ್ಕದವರ ಗೋಡೆಗೆ ತೆರೆಯುವಂಥದ್ದು. ಗಾಳಿ ಆಡುವ ಮನೆ ಎಲ್ಲರ ಪಾಲಿಗೆ ಬರಲಿಲ್ಲ.

*

ಗಣಿಗಾರರಿಗೆ ಈ ಅಪಾಯ ಬಹಳ ಹಿಂದೆಯೇ ಅನುಭವಕ್ಕೆ ಬಂದಿತ್ತು. ಇಂದಿನ ಜರ್ಮನಿ ಮತ್ತು ಚೆಕ್ ದೇಶದ ಗಡಿಯ ಬೆಟ್ಟಗಳಲ್ಲಿ ಬೆಳ್ಳಿ ಗಣಿಗಳಿದ್ದವು. ಅಲ್ಲಿನ ಯೋಆಕಿಮ್‌ಸ್ತಾಲ್ ಊರಿನಲ್ಲಿ ವೈದ್ಯನಾಗಿದ್ದ ಅಗ್ರಿಕೋಲಾ 1556ರಲ್ಲಿ ಪ್ರಕಟವಾದ ತನ್ನ ಗಣಿಶಾಸ್ತ್ರದ ಪುಸ್ತಕದಲ್ಲಿ ಗಣಿಗಾರರ ಶ್ವಾಸಕೋಶ ಕೊಳೆಯುವುದನ್ನೂ ಗಣಿಗೆ ಗಾಳಿ ಊದುವ ಯಂತ್ರಗಳನ್ನೂ ವಿವರಿಸಿದ್ದಾನೆ. ಬೆಟ್ಟದ ಇನ್ನೊಂದು ಬದಿಯ ಶ್ನೀಬರ್ಗ್‌ನಲ್ಲಿ ಆ ಕಾಯಿಲೆ ಕ್ಯಾನ್ಸರ್ ಅಂತ ಗೊತ್ತಾಗಲು 1879ರವರೆಗೆ ಕಾಯಬೇಕಾಯಿತು. ಕ್ಯೂರಿ ದಂಪತಿ ರೇಡಿಯಂ ತೆಗೆದ ಅದಿರು ಬಂದದ್ದೂ ಅದೇ ಯೋಆಕಿಮ್‌ಸ್ತಾಲ್‌ನಿಂದ. ಇಷ್ಟಾದರೂ ಇದು ಗಣಿಯ ಕಾಯಿಲೆ, ಮನೆಗೂ ಇದಕ್ಕೂ ಸಂಬಂಧ ಇಲ್ಲ ಅಂತಲೇ ಬಹಳ ಕಾಲ ಜಗತ್ತು ಅಂದುಕೊಂಡಿತ್ತು.

ಆ ನಂಬಿಕೆ ಅಲುಗಾಡಿದ್ದು ನಮ್ಮಕ್ಕ ಇರೋ ಪೆನ್ಸಿಲ್ವೇನಿಯಾದಲ್ಲೇ. 1984ರ ಡಿಸೆಂಬರ್. ಸ್ಟ್ಯಾನ್ಲಿ ವಾಟ್ರಾಸ್ ಎಂಬ ಇಂಜಿನಿಯರ್ ಲಿಮರಿಕ್ ಪರಮಾಣು ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ. ವಿಕಿರಣ ಪತ್ತೆ ಮಾಡುವ ಅಲಾರಂ ಅವನನ್ನು ಕಂಡರೆ ದಿನಾ ಕೂಗುತ್ತಿತ್ತು. ಒಂದು ದಿನ ಕೆಲಸ ಶುರುಮಾಡುವ ಮೊದಲೇ, ಒಳಗೆ ಬರುವಾಗಲೇ ಕೂಗಿತು. ಅಂದರೆ ಅವನು ವಿಕಿರಣವನ್ನು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದ! ಮನೆ ಅಳೆದು ನೋಡಿದರೆ ಗಾಳಿಯ ಒಂದು ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ 100, ಅದು ಆಗದಿದ್ದರೆ 300 ದಾಟಬಾರದು ಅನ್ನೋದು ನೆನಪಿರಲಿ. ಪಕ್ಕದ ಮನೆಯಲ್ಲಿ ಅಳೆದರೆ ಅಲ್ಲಿ ಅಂಥದ್ದೇನೂ ಇರಲಿಲ್ಲ. ಪಕ್ಕದ ಮನೆ ನೋಡಿ ನಮ್ಮ ಮನೆ ಹೇಗಿದೆ ಅಂತ ಹೇಳೋಕಾಗಲ್ಲ ಅನ್ನೋ ಪಾಠ ಅಲ್ಲಿಂದ ಬಂತು. ಅಮೆರಿಕದಲ್ಲಿ ಮನೆ ಮಾರುವಾಗ ರೇಡಾನ್ ಡಬ್ಬಿ ಇಡುವ ರೂಢಿ ಬೆಳೆದದ್ದು ಇದಾದ ಮೇಲೆ. 1988ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನ್ ಅನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

*

ಹಾಗಾದರೆ ಬೆಂಗಳೂರು? ಇಲ್ಲಿ ಯಾರೂ ಅಳೆದೇ ಇಲ್ಲ ಅಂತಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಊರಿನ ಮನೆಗಳಲ್ಲಿ ವಿಶೇಷ ಫಿಲ್ಮಿನ ಪಟ್ಟಿಗಳನ್ನು ತಿಂಗಳುಗಟ್ಟಲೆ ತೂಗುಹಾಕಿ ಅಳೆದಿದ್ದಾರೆ. ಆಲ್ಫಾ ಕಣ ಬಿದ್ದ ಕಡೆ ಫಿಲ್ಮಿನಲ್ಲಿ ಸೂಕ್ಷ್ಮವಾದ ಗಾಯ ಆಗುತ್ತದೆ. ಆಮೇಲೆ ರಾಸಾಯನಿಕದಲ್ಲಿ ಅದ್ದಿ ಆ ಗಾಯಗಳನ್ನು ಎಣಿಸುತ್ತಾರೆ. ಪ್ರಕಟವಾದ ಅಳತೆಗಳಲ್ಲಿ ಹೆಚ್ಚಿನವು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಟ್ಟದ ಒಳಗೇ ಇವೆ. ಗ್ರಾನೈಟ್ ನೆಲದ ಮನೆಯಲ್ಲಿ, ಚಿಕ್ಕ ಕೋಣೆಯಲ್ಲಿ, ಗಾಳಿ ಕಡಿಮೆ ಇರುವ ಕಡೆ ಜಾಸ್ತಿ ಇರುವುದೂ ಅವುಗಳಲ್ಲಿ ಕಾಣುತ್ತದೆ. ಅಂತರ್ಜಲದ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ಬೋರ್‌ವೆಲ್‌ಗಳ ನೀರು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಡಿಯುವ ನೀರಿಗೆ ಅಮೆರಿಕದವರು ಪ್ರಸ್ತಾಪಿಸಿದ ಮಿತಿಗಿಂತ ಹಲವು ಪಟ್ಟು ರೇಡಾನ್ ಅನೇಕ ಕಡೆ ಸಿಕ್ಕಿತು.

ಗಾಬರಿ ಬೇಡ. ನೀರಿನ ರೇಡಾನ್‌ನಿಂದ ತೊಂದರೆ ಹೆಚ್ಚಾಗಿ ಕುಡಿದಾಗ ಅಲ್ಲ, ಸ್ನಾನ ಮಾಡುವಾಗ, ಬಟ್ಟೆ ಒಗೆಯುವಾಗ ಅದು ಗಾಳಿಗೆ ಹಾರುವುದರಿಂದ. ಒಂದು ಅಂದಾಜು ಲೆಕ್ಕ ಇದೆ. ಒಂದು ಲೀಟರ್ ನೀರಿನಲ್ಲಿ 1000 ಬೆಕೆರೆಲ್ ಇದ್ದರೆ ಮನೆಯ ಗಾಳಿಗೆ ಘನ ಮೀಟರಿಗೆ 100ರಷ್ಟು ಸೇರುತ್ತದೆ. ಬೋರ್‌ವೆಲ್ ನೀರು ಸಂಪು, ಓವರ್‌ಹೆಡ್ ಟ್ಯಾಂಕು ಅಂತ ಒಂದೆರಡು ದಿನ ನಿಂತು ಬಂದರೆ ಅದರಲ್ಲೂ ಒಂದಿಷ್ಟು ಕಳೆದುಹೋಗಿರುತ್ತದೆ.

ನನಗೆ ಯೋಚನೆ ಇರೋದು ನಾವು ಬದುಕುವ ರೀತಿ ಬದಲಾಗಿರುವುದರ ಬಗ್ಗೆ. ನಮ್ಮ ರಸ್ತೆಯಲ್ಲಿ ವೆಂಟಿಲೇಟರ್ ಇರುವ ಮನೆ ಈಗ ಮೂರೋ ನಾಲ್ಕೋ ಉಳಿದಿವೆ. ಮಿಕ್ಕ ಕಡೆ ಸೈಟಿನ ಅಂಚಿನವರೆಗೂ ಬಿಲ್ಡಿಂಗು. ಕಿಟಕಿ ತೆಗೆದರೆ ಗಾಂಧಿ ಬಜಾರಿನ ಹಾರ್ನು, ಧೂಳು, ಸಂಜೆ ಸೊಳ್ಳೆ. ಹಾಗಾಗಿ ಮುಚ್ಚಿ ಎಸಿ ಹಾಕಿಕೊಳ್ಳುತ್ತೇವೆ. ಬಹಳ ಜನಕ್ಕೆ ಗೊತ್ತಿಲ್ಲ, ಮನೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರೋದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ವರ್ಕ್ ಫ್ರಮ್ ಹೋಮ್ ಬಂದ ಮೇಲೆ ದಿನಕ್ಕೆ ಹದಿನೆಂಟು ಗಂಟೆ ಅದೇ ಕೋಣೆಯಲ್ಲಿ ಇರುವವರಿದ್ದಾರೆ. ಮೂರನೇ ಮಹಡಿಯ ಫ್ಲಾಟಿನವರಿಗೆ ಚಿಂತೆ ಕಡಿಮೆ. ನೆಲ ದೂರ ಇದೆ, ಕೆಳಗೆ ಗಾಳಿಯಾಡುವ ಪಾರ್ಕಿಂಗ್ ಇದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಿಂದ ಬರುವುದೂ ಸಾಮಾನ್ಯವಾಗಿ ಅಲ್ಪ. ನೋಡಬೇಕಾದ್ದು ನೆಲಕ್ಕೆ ಅಂಟಿದ ಜಾಗಗಳನ್ನು. ಗ್ರೌಂಡ್ ಫ್ಲೋರಿನ ಬೆಡ್‌ರೂಮು, ಬೇಸ್‌ಮೆಂಟಿನ ಜಿಮ್ಮು, ಟ್ಯೂಷನ್ ಕ್ಲಾಸು, ಹತ್ತು ಜನ ಕೂತು ಕೋಡ್ ಬರೆಯುವ ಕಿಟಕಿಯಿಲ್ಲದ ಆಫೀಸು, ವಾಚ್‌ಮನ್ ಸಂಸಾರಕ್ಕೆ ಲಿಫ್ಟಿನ ಪಕ್ಕ ಕೊಟ್ಟಿರುವ ಕೋಣೆ.

ಅಪಾಯ ಎಷ್ಟು? ವರ್ಷಾನುಗಟ್ಟಲೆ ಉಸಿರಾಡುವ ಗಾಳಿಯಲ್ಲಿ ಪ್ರತಿ 100 ಬೆಕೆರೆಲ್ ಹೆಚ್ಚಾದರೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇ. 16 ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಿಗರೇಟು ಸೇದದವರಿಗೆ ಮೂಲ ಸಾಧ್ಯತೆಯೇ ಕಡಿಮೆ, ಹಾಗಾಗಿ ಏರಿದರೂ ಚಿಕ್ಕದೇ. ಸೇದುವವರಿಗೆ ಮೂಲವೇ ದೊಡ್ಡದು, ಅದರ ಮೇಲೆ ಇದು. ರೇಡಾನ್ ಬಗ್ಗೆ ಓದಿ ಗಾಬರಿಯಾಗಿ ಒಂದು ದಮ್ಮು ಎಳೆಯೋಣ ಅಂತ ಹೊರಗೆ ಹೋಗುವವರು ದಯವಿಟ್ಟು ಈ ಸಾಲು ಇನ್ನೊಂದು ಸಲ ಓದಿ.

*

ಇಷ್ಟು ತಿಳಿದ ಮೇಲೆ ನಮ್ಮ ರಸ್ತೆಯ ಒಂದಿಬ್ಬರ ಹತ್ತಿರ ಮಾತೆತ್ತಿದೆ. ಒಬ್ಬರು ನೇರವಾಗಿ ಕೇಳಿದರು, "ಟೆಸ್ಟ್ ಮಾಡಿಸಿ ಜಾಸ್ತಿ ಅಂತ ಬಂದ್ರೆ? ನಾಳೆ ಮನೆ ಮಾರ್ಬೇಕು ಅಂದ್ರೆ ಏನ್ ಹೇಳ್ಲಿ?" ನಮ್ಮಲ್ಲಿ ಮನೆ ಕೊಳ್ಳುವಾಗ ಖಾತೆ ನೋಡ್ತೀವಿ, ಇಸಿ ನೋಡ್ತೀವಿ, ವಾಸ್ತು ನೋಡ್ತೀವಿ. ರೇಡಾನ್ ಕೇಳುವ ಪದ್ಧತಿ ಇಲ್ಲ. ಕೇಳದೇ ಇರುವಾಗ ನಾವೇ ಯಾಕೆ ಮೈಮೇಲೆ ಎಳೆದುಕೊಳ್ಳೋದು? ಇನ್ನೊಬ್ಬರು ಗ್ರೌಂಡ್ ಫ್ಲೋರ್ ಬಾಡಿಗೆಗೆ ಕೊಟ್ಟವರು. ಅವರು ಮಾತೇ ಬದಲಿಸಿದರು.

ಆವಾಗ ನನಗೆ ಸತ್ತ ಇಲಿಯನ್ನು ರಾತ್ರಿ ಆಚೆ ಎಸೆದವರು ನೆನಪಾದರು. ಗೊತ್ತಾಗುವುದರಿಂದ ನಷ್ಟವೇ ಜಾಸ್ತಿ ಅನ್ನಿಸಿದರೆ ಜನ ಗೊತ್ತು ಮಾಡಿಕೊಳ್ಳೋದಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. 1898ರಲ್ಲಿ ಇಲಿ ಬಿತ್ತು ಅಂತ ಹೇಳಿದವರಿಗೆ ಸಿಗುತ್ತಿದ್ದದ್ದು ಶಿಕ್ಷೆ, ಪರಿಹಾರ ಅಲ್ಲ. ರೇಡಾನ್‌ಗೆ ಪರಿಹಾರ ಇದೆ, ಅದೂ ನಮ್ಮ ಕೈಗೆ ಎಟಕುವಂಥದ್ದು. ಮೊದಲನೆಯದು ಕಿಟಕಿ. ಬೆಳಗ್ಗೆ ಎದ್ದ ಕೂಡಲೇ ಎದುರುಬದುರು ಕಿಟಕಿ ತೆಗೆದರೆ ರಾತ್ರಿ ಸೇರಿದ್ದು ಬೇಗ ಇಳಿಯುತ್ತದೆ. ಮುಚ್ಚಿದ ಮೇಲೆ ನಿಧಾನವಾಗಿ ಮತ್ತೆ ಸೇರುವುದರಿಂದ ಇದು ದಿನದ ಅಭ್ಯಾಸ ಆಗಬೇಕು. ಎರಡನೆಯದು ನೆಲದ ಬಿರುಕು, ಪೈಪಿನ ಸಂದಿ ಮುಚ್ಚಿಸೋದು. ಮೂರನೆಯದು ಬೇಸ್‌ಮೆಂಟಿಗೆ ಹೊರಗಿನ ಗಾಳಿ ತಂದು ಹಾಕುವ ಫ್ಯಾನು. ಬರೀ ಒಳಗಿನ ಗಾಳಿಯನ್ನು ಹೊರಗೆ ಎಳೆದರೆ ಒಳಗೆ ಒತ್ತಡ ಕಡಿಮೆಯಾಗಿ ನೆಲದಿಂದ ಇನ್ನಷ್ಟು ಬರಬಹುದು, ಅದಕ್ಕೇ ಎಚ್ಚರ. ಅದಕ್ಕೂ ಬಗ್ಗದಿದ್ದರೆ ಅಕ್ಕನ ಮನೆಯ ಹಾಗೆ ನೆಲದಡಿಯಿಂದ ಪೈಪು ಹಾಕಿ ಸೂರಿನ ಮೇಲಕ್ಕೆ ಗಾಳಿ ಎಳೆಯೋದು. ಮನೆ ಸುಡಬೇಕಾಗಿಲ್ಲ, ಸೂರು ತೆಗೆಯಬೇಕಾಗಿಲ್ಲ.

ಅಳೆಯೋದು ಹೇಗೆ? ಮನೆಯಲ್ಲಿಡುವ ಡಿಜಿಟಲ್ ಮೀಟರ್ ಸಿಗುತ್ತದೆ, ಒಂದು ಸಾಧಾರಣ ಫೋನಿನಷ್ಟು ಬೆಲೆ. ಅತಿ ಕೆಳಗಿನ ಮಹಡಿಯಲ್ಲಿ, ಜನ ಜಾಸ್ತಿ ಹೊತ್ತು ಇರುವ ಕೋಣೆಯಲ್ಲಿಡಬೇಕು. ಕಿಟಕಿ ಪಕ್ಕ, ಫ್ಯಾನಿನ ಕೆಳಗೆ, ಅಡುಗೆಮನೆ ಬಚ್ಚಲಲ್ಲಿ ಬೇಡ. ಒಂದು ದಿನದ ನಂಬರ್ ನೋಡಿ ಕುಣಿಯೋದೂ ಬೇಡ, ಅಳೋದೂ ಬೇಡ. ರಾತ್ರಿಗೂ ಹಗಲಿಗೂ, ಮಳೆಗಾಲಕ್ಕೂ ಬೇಸಿಗೆಗೂ ಏರಿಳಿತ ಇರುತ್ತದೆ. ಕೆಲವು ವಾರವಾದರೂ ಬೇಕು, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಕಿಟಕಿ ಮುಚ್ಚಿಡುವ ಚಳಿಗಾಲ ಸೇರಿದ್ದರೆ ಉತ್ತಮ.

ಎಲ್ಲರೂ ಒಂದೊಂದು ಕೊಳ್ಳಬೇಕಾಗಿಯೂ ಇಲ್ಲ. ರಸ್ತೆಗೆಲ್ಲ ಒಂದೇ ಫೋನಿದ್ದ ಕಾಲದಲ್ಲಿ, "ನಿಮ್ಗೆ ಫೋನ್ ಬಂದಿದೆ" ಅಂತ ಕಾಂಪೌಂಡ್ ಗೋಡೆ ಮೇಲಿಂದ ಕೂಗುತ್ತಿದ್ದರಲ್ಲ, ಹಾಗೆ ಒಂದು ಮೀಟರು ಮನೆಯಿಂದ ಮನೆಗೆ ಹೋಗಬಹುದು. ಬಂದ ನಂಬರನ್ನು ಯಾರಿಗೂ ತೋರಿಸಬೇಕು ಅಂತ ಕಟ್ಟುಪಾಡು ಬೇಡ. ಬಾಡಿಗೆಯವರಿಗೆ, ಕೆಲಸದವರಿಗೆ, ಅಂದರೆ ಆ ಗಾಳಿ ಉಸಿರಾಡುವವರಿಗೆ ಹೇಳಿದರೆ ಸಾಕು. ಇಷ್ಟು ಹೇಳಿದ ಮೇಲೆ ಮಾತು ಬದಲಿಸಿದ್ದ ಮನೆಯವರು, "ನಮ್ ಬಾಡಿಗೆ ಹುಡುಗ್ರನ್ನೇ ಕೇಳಿ, ಅವ್ರು ಹ್ಞೂಂ ಅಂದ್ರೆ ಇಡಿ" ಅಂದರು. ಹುಡುಗರು ತಕ್ಷಣ ಹ್ಞೂಂ ಅಂದರು.

ಅಕ್ಕ ಡಿಸೆಂಬರ್‌ನಲ್ಲಿ ಬರುತ್ತಾಳೆ, ಬರುವಾಗ ತನ್ನ ಮೀಟರು ತರುತ್ತಾಳೆ. ಮೊದಲು ದೊಡ್ಡಮ್ಮನ ಕೋಣೆ. ಆಮೇಲೆ ಆ ಹುಡುಗರ ಮನೆ, ಅದರ ನಂತರ ಮೂಲೆ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ಟ್ಯೂಷನ್ ನಡೆಸುವ ಮೇಷ್ಟ್ರು. ಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ದೊಡ್ಡಮ್ಮ ಅದನ್ನು ಓದಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿರುವ ವಾಚ್‌ಮನ್ ಸಂಸಾರ ಬಿಟ್ಟುಹೋಗಿದೆ ಅಂತ ನೆನಪಿಸಿದರು. ಪೆನ್ಸಿಲ್ ತಗೊಂಡು ಅವರ ಹೆಸರನ್ನು ತಮ್ಮ ಹೆಸರಿಗಿಂತ ಮೇಲೆ ಬರೆದರು. "ನಂಗೆ ವೆಂಟಿಲೇಟರ್ ಇದೆ. ಆ ಮಗೂಗೆ ಕಿಟಕೀನೂ ಇಲ್ಲ" ಅಂದರು.